ಇಂಗ್ಲಿಷ್ ಸಾಹಿತ್ಯದ ವ್ಯಾಸಂಗ

ಷೇಕ್ಸ್‌ಪಿಯರ್ ಮಹಾಕವಿಯ ಹದಿನೆಂಟನೆಯ ಸುನೀತವು ಬಹು ಪ್ರಸಿದ್ಧವಾದುದು. ಕವಿಯು ಅದರಲ್ಲಿ ತನ್ನ ಪ್ರೀತಿಗೆ ಪಾತ್ರವಾದ ವ್ಯಕ್ತಿಯನ್ನು ಬೇಸಗೆಯ ದಿನದೊಡನೆ ಹೋಲಿಸಿ ನೋಡುತ್ತಾನೆ. ನಮ್ಮ ಕಾಲೇಜಿನ ಹುಡುಗನು ಇದನ್ನು ಮೊದಲ ಸಲ ಓದಿದಾಗ ಏನೆಂದುಕೊಳ್ಳಬೇಕು? ಚಿತ್ರದುರ್ಗದ ಕಡೆಯಿಂದ ಬಂದವನಿಗೆ ಬೇಸಗೆಯೆಂದರೆ ಕಾದ ಬಂಡೆ, ಬತ್ತಿದ ಬಾವಿ, ಕಣ್ಣು ಕುಕ್ಕುವ ಬಿಸಿಲು. ಪ್ರಿಯರನ್ನು ಇಂತಹುದಕ್ಕೆ ಹೋಲಿಸುವುದು ಸ್ತುತಿಯೋ ಬೈಗಳೋ ಎಂದು ಅವನಿಗೆ ಸಂದೇಹ ಬಂದರೆ ತಪ್ಪೇನೂ ಇಲ್ಲ. ಆದರೆ ಆ ಸಂದೇಹವನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯಲ್ಲಿ ಕೊಂಡ ಟಿಪ್ಪಣಿಯ ಪುಸ್ತಕದಲ್ಲಿ ಹೋಲಿಕೆಯು ಮನೋಹರವಾಗಿದೆಯೆಂದು ಬರೆದಿರುತ್ತದೆ. ಅವನೂ ಪರೀಕ್ಷೆಯಲ್ಲಿ ಮನೋಹರವಾಗಿದೆಯೆಂದು ಬರೆದು ತೇರ್ಗಡೆಯಾಗುತ್ತಾನೆ. ನಾನೂ ಹೀಗೆಯೇ ಬರೆದವನು. ಇಂಗ್ಲೆಂಡಿನ ಬೇಸಗೆಯು ಅಲ್ಪಾಯುವಾದ ಸುಖಕಾಲವೆಂಬುದೂ, ಅದರ ಅಲ್ಪಾಯುಷ್ಯವೇ ಆ ಪದ್ಯದ ಜೀವವೆಂಬುದೂ ನನಗೆ ಹೊಳೆದುದು ಪರೀಕ್ಷೆ ಮುಗಿದು ಬಹು ವರ್ಷಗಳ ಮೇಲೆ.

ಅರ್ಥವಾಗದುದನ್ನು ಅರ್ಥವಾದಂತೆ ಒಪ್ಪಿಕೊಳ್ಳುವ ಈ ಅಭ್ಯಾಸವು ನಮ್ಮ ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ವ್ಯಾಸಂಗಕ್ಕೆ ಅಂಟಿಕೊಂಡ ಹಳೆಯ ರೋಗ. ಇದರ ಮೂಲವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಗ್ಲಿಷ್ ಸಾಹಿತ್ಯವು ಇಂಗ್ಲೆಂಡಿನ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಅನಾದಿಯಿಂದಲೂ ಪಾಠವಾಗುತ್ತಿತ್ತೆಂದು ನಮ್ಮಲ್ಲಿ ಅನೇಕರ ಭಾವನೆ. ಸಂಗತಿಯು ಹಾಗಿಲ್ಲ. ಆಕ್ಸ್‌ಫರ್ಡಿನಲ್ಲಿ ವಿದ್ವತ್ತೆಂದರೆ ಗ್ರೀಕು ಮತ್ತು ಲ್ಯಾಟಿನ್. ತಾಯಿನುಡಿಯ ಕಾವ್ಯವನ್ನು ಗೃಹಸ್ಥನಾದವನು ಮನೆಯಲ್ಲಿ ಬಿಡುವಾದಾಗ ತಾನೇ ಓದಿಕೊಳ್ಳಬೇಕು. ಅದಕ್ಕೆ ಗುರುವೇಕೆ, ಪರೀಕ್ಷೆಯೇಕೆ ಎಂಬುದು ಅಲ್ಲಿಯವರ ಎಣಿಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1828ರಲ್ಲಿಯೇ ಇಂಗ್ಲಿಷಿಗೆ ಪ್ರಾಧ್ಯಾಪಕರಿದ್ದರು, ನಿಜ. ಆದರೆ ಆಕ್ಸ್‌ಫರ್ಡು ಅದಕ್ಕೆ ಪ್ರತ್ಯೇಕ ಶಾಖೆಯನ್ನು ತೆರೆದುದು 1894ರಲ್ಲಿ. ಕೇಂಬ್ರಿಜ್ ಅದಕ್ಕೆ ಸ್ವತಂತ್ರವಾದ ಪರೀಕ್ಷೆಯನ್ನು ಒಪ್ಪಿದುದು 1917ರಲ್ಲಿ. ಫ್ರೀಮನ್ ಎಂಬ ಚರಿತ್ರೆಯ ಪ್ರಾಧ್ಯಾಪಕರು, ಇದೆಲ್ಲ ಕೊನೆಗೆ ಕವಿ ಷೆಲ್ಲಿಯ ವಿಷಯವಾದ ಹರಟೆಯಾಗಿ ಮುಗಿಯುತ್ತದೆಂದು ಹಾಸ್ಯಮಾಡಿ ಪ್ರಬಲವಾಗಿ ವಿರೋಧಿಸಿದರು. ಇವರ ಬಾಯಿಗೆ ಅಂಜಿಯೋ ಏನೋ, ಮೊದಮೊದಲು ಇಂಗ್ಲಿಷ್ ಪಾಠವು ಕಾವ್ಯಕ್ಕಿಂತ ಹೆಚ್ಚಾಗಿ ಹಳೆಯ ಇಂಗ್ಲಿಷಿನ ಶಬ್ದರೂಪಗಳ ವ್ಯಾಕರಣವಾಗಿತ್ತು.

ಅಷ್ಟರಲ್ಲಿ ನಮ್ಮ ದೇಶದಲ್ಲಿ ಏನಾಗಿತ್ತು? ಕಲ್ಕತ್ತೆಯ ಹಿಂದೂ ಕಾಲೇಜು 1817ರಲ್ಲಿ ಹುಟ್ಟಿತು. ಮೆಕಾಲೆಯ ಪ್ರಖ್ಯಾತ ಟಿಪ್ಪಣಿಯು 1835ರದು. ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು 1857ರಲ್ಲಿ ಸ್ಥಾಪಿತವಾದುವು. ಎಂದರೆ ಆಕ್ಸ್‌ಫರ್ಡಿನ ಹುಡುಗನು ತನ್ನ ನಾಡಿನ ಷೇಕ್ಸ್‌ಪಿಯರ್, ಮಿಲ್ಟನ್ನರಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವುದಕ್ಕೆ ಎಷ್ಟೋ ಮೊದಲೇ ಕಲ್ಕತ್ತೆಯ ಹುಡುಗನು ಕುಳಿತಿದ್ದನು. ಮನೆಯಲ್ಲಿ ಮನ್ನಣೆಯಿಲ್ಲದ ದೇವರಿಗೆ ಪರಸ್ಥಳದಲ್ಲಿ ಗುಡಿ ಕಟ್ಟಿದಂತಾಯಿತು. ಗುಡಿ ಕಟ್ಟಿದವರ ಉದ್ದೇಶವು ಕಾವ್ಯಾನಂದವಾಗಿರಲಿಲ್ಲ. ಸರಕಾರಕ್ಕೂ ಪ್ರಜೆಗಳಿಗೂ ನಡುವೆ ನಿಂತು, ರುಚಿಯಲ್ಲಿಯೂ ಅಭಿಪ್ರಾಯದಲ್ಲಿಯೂ ಇಂಗ್ಲಿಷರಂತಾದ ಒಂದು ವರ್ಗವನ್ನು ಸಿದ್ಧಪಡಿಸಬೇಕೆಂದು ಮೆಕಾಲೆಯು ಮರೆಮಾಚದೆ ಹೇಳಿದ್ದಾನೆ. ಅಂತಹ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯ ಸ್ವಂತ ಅನಿಸಿಕೆಗೆ ಎಡೆಯೆಲ್ಲಿ? ಬೇಸಗೆಯನ್ನು ಹೊಗಳೆಂದರೆ ಹೊಗಳಬೇಕಷ್ಟೆ.

ಆದರೆ ಬಿತ್ತಿದವನ ಎಣಿಕೆಯಂತೆಯೇ ಬೆಳೆ ಬರಬೇಕೆಂಬ ನಿಯಮವಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಡೆದುದನ್ನು ನೋಡಿ. ಬಿ. ಎಂ. ಶ್ರೀಕಂಠಯ್ಯನವರು ಅಲ್ಲಿ ದೀರ್ಘಕಾಲ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಕನ್ನಡದ ಮಾತು ತಲೆಯೆತ್ತುವುದು ಹೇಗೆಂದು 1911ರಲ್ಲಿ ಧಾರವಾಡಕ್ಕೆ ಹೋಗಿ ಉಪನ್ಯಾಸ ಮಾಡಿದವರು ಈ ಇಂಗ್ಲಿಷ್ ಅಧ್ಯಾಪಕರೇ. ಪಾಲ್‌ಗ್ರೇವ್ ಎಂಬಾತನು 1861ರಲ್ಲಿ ಪ್ರಕಟಿಸಿದ ಭಾವಗೀತೆಗಳ ಸಂಕಲನವು ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಪಠ್ಯವಾಗಿತ್ತು. ಸಾವಿರಾರು ಮಂದಿ ಅದನ್ನು ಓದಿ, ಬಾಯಿಪಾಠ ಮಾಡಿ, ಮಾರಿಬಿಟ್ಟರು. ಶ್ರೀಕಂಠಯ್ಯನವರು ಅದನ್ನು ಓದಿ, ಇದೇ ಸೊಗಸು ಕನ್ನಡದಲ್ಲಿ ಬರುವುದಿಲ್ಲವೇಕೆ ಎಂದು ಕೇಳಿಕೊಂಡರು. ಆ ಪ್ರಶ್ನೆಯ ಫಲವಾಗಿ, 1926ರಲ್ಲಿ ಪುಸ್ತಕರೂಪವನ್ನು ತಾಳಿದ ‘ಇಂಗ್ಲಿಷ್ ಗೀತಗಳು’ ನಮಗೆ ದೊರೆತುವು. ಆದಿಪ್ರಾಸದ ಕಟ್ಟು ಸಡಿಲಿತು. ಮಾತ್ರೆಗಳ ಗುಂಪುಗಳು ಹೊಸ ಬಗೆಯಲ್ಲಿ ಹೆಜ್ಜೆಯಿಟ್ಟುವು. ಸ್ಕಾಟ್ಲೆಂಡಿನ ಬರ್ನ್ಸ್ ಕವಿಯ ಡಂಕನ್ ಗ್ರೇಯು ಇಲ್ಲಿ ಮಾದನಾದನು. ಅವನ ಬಿಂಕದ ಹೆಣ್ಣು ಮಾದಿಯಾದಳು. ಥಾಮಸ್ ಹುಡ್ ಕವಿಯು ಲಂಡನ್ನಿನ ನದಿಗೆ ಬಿದ್ದು ಸತ್ತ ಅನಾಥೆಯನ್ನು ಕುರಿತು ಮರುಗಿದುದು ‘ದುಃಖಸೇತು’ವಾಯಿತು. ಡಂಕನ್ನನು ಮಾದನಾಗಬೇಕಾದರೆ ಓದಿದವನು ಒಂದು ಕೆಲಸವನ್ನು ಮಾಡಿರಲೇ ಬೇಕು: ಈ ಪದ್ಯದಲ್ಲಿ ಸ್ಕಾಟ್ಲೆಂಡಿಗೆ ಸೇರಿದುದೆಷ್ಟು, ಎಲ್ಲ ಹಳ್ಳಿಗಳಿಗೂ ಸೇರಿದುದೆಷ್ಟು ಎಂದು ತೂಗಿ ನೋಡಿರಬೇಕು. ಟಿಪ್ಪಣಿಯ ಪುಸ್ತಕವು ಈ ತೂಕವನ್ನು ನಮಗಾಗಿ ಮಾಡಿಕೊಡಲಾರದು.

ಅದೇ ಕಾಲೇಜಿನ ವಿದ್ಯಾರ್ಥಿಯಾಗಿ ಬೆಳೆದ ಕುವೆಂಪು ಅವರು ಮೊದಲು ಕವಿತೆ ಕಟ್ಟಿದುದು ಇಂಗ್ಲಿಷಿನಲ್ಲಿ; 1922ರಲ್ಲಿ ಆ ಪದ್ಯಗಳ ಒಂದು ಚಿಕ್ಕ ಪುಸ್ತಕವೂ ಅಚ್ಚಾಯಿತು. ಅವರ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಹೇಳಿದವರು ಜೇಮ್ಸ್ ಕಸಿನ್ಸ್ ಎಂಬ ಕವಿಗಳು. ಇವರು ಐರ್ಲೆಂಡಿನವರೆಂಬುದನ್ನು ನಾವು ಮರೆಯುತ್ತೇವೆ. ತನ್ನ ನಾಡಿನ ನುಡಿಯು ಇಂಗ್ಲಿಷಿನ ಕೆಳಗೆ ನಲುಗಿದುದನ್ನು ಕಂಡವರ ಬಾಯಿಂದ ಬಂದ ಮಾತು ಅದು. ಕುವೆಂಪು ಅವರ ‘ಬಿರುಗಾಳಿ’ಗೂ ‘ರಕ್ತಾಕ್ಷಿ’ಗೂ ಷೇಕ್ಸ್‌ಪಿಯರನ ನಾಟಕಗಳೇ ಪ್ರೇರಣೆ.

ಇನ್ನು ಅಮೆರಿಕದ ಸಾಹಿತ್ಯ. ಇದರ ಕಥೆಯು ನಮ್ಮ ವಿದ್ಯಾರ್ಥಿಗೆ ಇನ್ನೂ ಹತ್ತಿರವಾದುದೆಂದು ನನ್ನ ಅಭಿಪ್ರಾಯ. ಏಕೆಂದರೆ ಅಮೆರಿಕನ್ನರಿಗೂ ಇಂಗ್ಲೆಂಡಿನ ಮುಂದೆ ತಲೆಯೆತ್ತಿ ನಿಲ್ಲುವ ಕಷ್ಟವಿದ್ದಿತು. ಅಮೆರಿಕನ್ ಪುಸ್ತಕವನ್ನು ಯಾರು ತಾನೇ ಓದುತ್ತಾರೆಂದು 1820ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪತ್ರಿಕೆಯಲ್ಲಿ ಸಿಡ್ನಿ ಸ್ಮಿತ್ ಎಂಬ ಪಾದ್ರಿಯು ಕೇಳಿದನು. ಪರದೇಶದ ವಿದ್ಯೆಗೆ ಶಿಷ್ಯವೃತ್ತಿ ಮಾಡಿದ ಕಾಲವು ಮುಗಿಯಿತೆಂದು 1837ರಲ್ಲಿ ಎಮರ್ಸನ್ ಉಪನ್ಯಾಸ ಮಾಡಿದನು. ಆದರೂ ಅಮೆರಿಕದ ಕಾಲೇಜುಗಳೇ ತಮ್ಮವರನ್ನು ಪಠ್ಯಕ್ಕೆ ತಕ್ಕವರೆಂದು ಒಪ್ಪಲು ಬಹಳ ಕಾಲ ಹಿಡಿಯಿತು. ಹರ್ಮನ್ ಮೆಲ್ವಿಲ್ಲನ ಗತಿಯನ್ನು ಕೇಳಿ. ಬಿಳಿಯ ತಿಮಿಂಗಿಲವೊಂದನ್ನು ಹಟದಿಂದ ಬೆನ್ನಟ್ಟಿ ಹಡಗನ್ನೇ ನಾಶಮಾಡಿಕೊಂಡ ನಾವಿಕನ ಕಥೆಯಾದ ‘ಮೋಬಿ ಡಿಕ್’ 1851ರಲ್ಲಿ ಹೊರಬಂದಿತು, ಕೊಂಡವರು ಕಡಮೆ. ಗ್ರಂಥಕರ್ತನು ಹೊಟ್ಟೆಪಾಡಿಗಾಗಿ ನ್ಯೂಯಾರ್ಕ್ ಬಂದರಿನ ಸುಂಕದ ಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ ಚಾಕರಿ ಮಾಡಿ, 1891ರಲ್ಲಿ ಬಹುಮಟ್ಟಿಗೆ ಮರೆತುಹೋದವನಾಗಿ ತೀರಿಕೊಂಡನು. 1921ರಲ್ಲಿ ಅವನ ಜೀವನಚರಿತ್ರೆಯು ಪ್ರಕಟವಾದ ಬಳಿಕ, ಸತ್ತಾಗ ಹಸ್ತಪ್ರತಿಯಲ್ಲಿಯೇ ಉಳಿದಿದ್ದ ‘ಬಿಲ್ಲಿ ಬಡ್’ ಎಂಬ ಕಥೆಯು 1924ರಲ್ಲಿ ಅಚ್ಚಾಯಿತು. ಆತನನ್ನೂ ಎಮರ್ಸನ್, ಥೋರೋ, ಹಾಥಾರ್ನ್, ವಿಟ್ಮನ್ನರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಮ್ಯಾಥಿಸನ್ನನು ದೊಡ್ಡ ವಿಮರ್ಶಾಗ್ರಂಥವನ್ನು ಬರೆದುದು 1941ರಲ್ಲಿ. ಇಂದು ಯಾವುದನ್ನು ನಾವು ಅಭಿಜಾತವೆಂದು ಕೈಮುಗಿದು ತೆರೆಯುತ್ತೇವೆಯೋ ಅದು ಒಂದಾನೊಂದು ದಿನ ಅಂಗಡಿಯಲ್ಲಿ ಧೂಳು ಹಿಡಿದಿದ್ದ ಸರಕು.

ಹಾಗಾದರೆ ಹೆಸರನ್ನು ನೋಡದೆ ಓದಿದರೆ ಒಳ್ಳೆಯದು ಯಾವುದೆಂದು ನಮಗೆ ತಿಳಿದೀತೇ? ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಇದನ್ನೇ ಪರೀಕ್ಷಿಸಿದರು. ಕವಿಗಳ ಹೆಸರನ್ನೂ ಕಾಲವನ್ನೂ ತೆಗೆದುಹಾಕಿ ವಿದ್ಯಾರ್ಥಿಗಳಿಗೆ ಪದ್ಯಗಳನ್ನು ಹಂಚಿ, ಅನಿಸಿದುದನ್ನು ಬರೆಯಿರೆಂದರು. 1929ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ ನಗೆಯೂ ಕಳವಳವೂ ಒಟ್ಟಿಗೆ ಹುಟ್ಟಿದುವು. ಡನ್ ಕವಿಯ ಪದ್ಯವನ್ನು ಹಲವರು ಅಲ್ಲಗಳೆದರು. ಅಮೆರಿಕದ ಲಾಂಗ್‌ಫೆಲೋವಿಗೂ ಅದೇ ಅವಸ್ಥೆಯಾಯಿತು. ಅಷ್ಟೇನೂ ಹೆಸರಿಲ್ಲದವರು ಮೆಚ್ಚಿಗೆ ಗಳಿಸಿದರು. ಇವರು ಬರೆದುದು ಪರಭಾಷೆಯಲ್ಲಿ ಅಲ್ಲ, ತಮ್ಮ ತಾಯಿನುಡಿಯಲ್ಲಿ. ಇದನ್ನು ಓದಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಎಡವುವುದು ನಮ್ಮ ಹುಡುಗರು ಮಾತ್ರವಲ್ಲ. ಆದರೆ ಆ ಹುಡುಗರು ಎಡವಿದುದು ತಮ್ಮ ಕಾಲಿನಿಂದ ನಡೆಯುವಾಗ. ನಮ್ಮವರನ್ನು ನಡೆಯಗೊಡದೆ ಟಿಪ್ಪಣಿಯ ಮೇನೆಯಲ್ಲಿ ಹೊತ್ತುಕೊಂಡು ಹೋಗುತ್ತೇವೆ.

ಆದುದರಿಂದ ಬೇಸಗೆಯ ಪದ್ಯದ ಮುಂದೆ ಕುಳಿತ ಹುಡುಗನು, ‘ಸ್ವಾಮಿ, ನಮ್ಮೂರಿನಲ್ಲಿ ಹೀಗಿಲ್ಲ’ ಎನ್ನಲಿ. ಪಾಠವು ಅಲ್ಲಿಂದ ಆರಂಭವಾಗುತ್ತದೆ. ಮರುದಿನವೇ ಅವನಿಗೆ ಷೆಲ್ಲಿಯ ಪಶ್ಚಿಮಮಾರುತದ ಗೀತವನ್ನು ಓದಿಸಿರಿ. ಅದು ಇಟಲಿಯ ಫ್ಲಾರೆನ್ಸಿನ ಬಳಿಯ ವನದಲ್ಲಿ 1819ರ ಶರತ್ಕಾಲದಲ್ಲಿ ಹುಟ್ಟಿದುದು. ಪಶ್ಚಿಮದಿಂದ ಗಾಳಿಯೆದ್ದು, ಮೋಡ ಕವಿದು, ಮಳೆ ಮಿಂಚುಗಳು ಮೇಲೇರಿ ಬರುವ ಸಂಭ್ರಮವನ್ನು ಆಗುಂಬೆಯ ಹುಡುಗನಿಗೆ ಯಾವ ಟಿಪ್ಪಣಿಕಾರನು ವಿವರಿಸಬೇಕು? ಋತು ಬೇರೆ, ದಿಕ್ಕು ಒಂದೇ. ಒಂದು ಪದ್ಯದಲ್ಲಿ ಅವನು ಪರಕೀಯ, ಇನ್ನೊಂದರಲ್ಲಿ ಮನೆಯವನು. ಎರಡೂ ಅನುಭವಗಳು ಅವನಿಗೆ ಬೇಕು. ಬೈಬಲ್ಲಿನ ಪರಿಚಯವೂ ಅಷ್ಟೇ ಅಗತ್ಯ. ಭಾರತದ ಕಥೆಯನ್ನು ಅರಿಯದೆ ಕುಮಾರವ್ಯಾಸನನ್ನು ಓದಹೊರಟವನ ಪಾಡು, 1611ರ ಇಂಗ್ಲಿಷ್ ಬೈಬಲ್ಲನ್ನು ತೆರೆಯದೆ ಮಿಲ್ಟನ್ನನನ್ನೋ ಮೆಲ್ವಿಲ್ಲನನ್ನೋ ಓದುವವನದು.

ಕೊನೆಯದಾಗಿ ಥೋರೋವಿನ ಒಂದು ಪ್ರಸಂಗ. ಆತನು 1845ರಿಂದ ಎರಡು ವರ್ಷಕ್ಕೂ ಹೆಚ್ಚುಕಾಲ ಮ್ಯಾಸಚೂಸೆಟ್ಸ್ ಪ್ರಾಂತದ ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿಕೊಂಡ ಗುಡಿಸಿಲಿನಲ್ಲಿ ವಾಸಮಾಡಿ, ಅನಂತರ ಆ ಅನುಭವವನ್ನು ಗ್ರಂಥವಾಗಿ ಬರೆದು 1854ರಲ್ಲಿ ಪ್ರಕಟಿಸಿದನು. ಅಲ್ಲಿದ್ದಾಗ ಒಂದು ಚಳಿಗಾಲದಲ್ಲಿ ಕೂಲಿಯವರ ಗುಂಪೊಂದು ಬಂದು ಹೆಪ್ಪುಗಟ್ಟಿದ ಕೊಳದಿಂದ ಮಂಜುಗಡ್ಡೆಯನ್ನು ಕೊಯ್ದು ರಾಶಿ ಹಾಕಿತು. ಆ ಕಾಲದಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವರ್ತಕನು 1833ರಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆಯನ್ನು ಕಳುಹಿಸುತ್ತಿದ್ದನು. ಥೋರೋ ಬೆಳಗಿನ ಹೊತ್ತು ಭಗವದ್ಗೀತೆಯನ್ನು ಓದುತ್ತಿದ್ದವನು. ತನ್ನ ಕೊಳದ ನೀರು ಹೀಗೆ ಹಿಂದೂದೇಶವನ್ನು ಮುಟ್ಟಿ ಗಂಗೆಯ ನೀರಿನೊಡನೆ ಬೆರೆಯುವುದನ್ನು ಕಲ್ಪಿಸಿಕೊಂಡು ಹಿಗ್ಗುತ್ತಾನೆ. ನಿಜವಾಗಿ ನಡೆದುದನ್ನೂ ಅವನೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ: ಆ ರಾಶಿಯ ಬಹುಭಾಗವು ಎಲ್ಲಿಗೂ ಹೋಗದೆ ಅಲ್ಲಿಯೇ ಕರಗಿ ಕೊಳಕ್ಕೆ ಹಿಂದಿರುಗಿತು.

ಟ್ಯೂಡರನು ಮದರಾಸಿನ ಕಡಲ ದಡದಲ್ಲಿ ಮಂಜುಗಡ್ಡೆಯ ದಾಸ್ತಾನಿಗೆಂದು ಕಟ್ಟಿಸಿದ ಕಟ್ಟಡವು ಈಗಲೂ ನಿಂತಿದೆ. 1897ರಲ್ಲಿ ಅಮೆರಿಕದಿಂದ ಮರಳಿದ ಸ್ವಾಮಿ ವಿವೇಕಾನಂದರು ಅದರಲ್ಲಿಯೇ ಕೆಲವು ದಿನ ತಂಗಿದ್ದರು. ಅದಕ್ಕೆ ಈಗ ಅವರ ಹೆಸರೇ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ಆ ಊರಿಗೆ ಹೋದಾಗ ಅದನ್ನು ನೋಡಿಬರಬಹುದು. ವಾಲ್ಡನ್ ಗ್ರಂಥದಲ್ಲಿ ಚಳಿಗಾಲದ ಕೊಳವನ್ನು ಕುರಿತ ಅಧ್ಯಾಯವನ್ನು ಮೊದಲೇ ಓದಿಕೊಂಡು ಹೋದರೆ ಒಳ್ಳೆಯದು. ಟಿಪ್ಪಣಿಯ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟರೂ ಆದೀತು.