ಊರ ಬಾಗಿಲ ಕಲ್ಲು

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇತಿಹಾಸದ ಹೋಂವರ್ಕ್ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಗೈಡಿನಿಂದ ನೋಟ್‌ಬುಕ್ಕಿಗೆ ಉತ್ತರ ಇಳಿಸಿದಳು, ಹತ್ತು ನಿಮಿಷದಲ್ಲಿ ಮುಗಿಯಿತು. ಕೈ ಬರೆಯಿತು, ತಲೆ ಮಲಗಿತ್ತು. ತಪ್ಪು ಅವಳದಲ್ಲ, ಪ್ರಶ್ನೆಯೇ ಹಾಗಿತ್ತು.

ಅದರ ಬದಲು, ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಊರ ವೀರಗಲ್ಲನ್ನು ನೋಡಿ ಬಾ ಎಂದಿದ್ದರೆ? ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯಚಂದ್ರರು. ಸತ್ತವನು ಯಾರು, ದನ ಕಾಯಲು ಹೋಗಿಯೋ, ಗಡಿ ಜಗಳದಲ್ಲೋ? ಬೆಂಗಳೂರಿನ ಹೆಸರು ಸಿಗುವ ಅತಿ ಹಳೆಯ ದಾಖಲೆಯೂ ಬೇಗೂರಿನ ಇಂಥದೇ ಒಂದು ಕಲ್ಲು, ಸುಮಾರು ಕ್ರಿ.ಶ. 890ರದು. ಅದು ಹೇಳುವುದು ಬೆಂಗಳೂರಿನ ಕಾಳಗದ ಸುದ್ದಿ. ಬೆಂದ ಕಾಳಿನಿಂದ ಊರಿಗೆ ಹೆಸರು ಬಂತೆನ್ನುವ ಬೆಂದಕಾಳೂರಿನ ಕಥೆ ಅದರ ಮುಂದೆ ಸಪ್ಪೆ!

ಪುಸ್ತಕ ಬೇಕೆಂದರೆ ಬಿ.ಎಲ್. ರೈಸ್ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಇದೆ. ಅದರಲ್ಲಿ ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಸಿಗುತ್ತವೆ. ನಿಮ್ಮ ಊರ ಹೆಸರೂ ಇದ್ದೀತು.

ಮೇಷ್ಟ್ರೇ, ತಿಂಗಳಿಗೊಂದಾದರೂ ಇಂಥ ಹೋಂವರ್ಕ್ ಕೊಡಿ. ಮಕ್ಕಳೇ, ಅಕ್ಷರ ಕಾಣಲೆಂದು ಕಲ್ಲನ್ನು ಕೆರೆಯಬೇಡಿ. ಬೆಳಗಿನ ಓರೆ ಬಿಸಿಲು ಬಿದ್ದಾಗ ಹೋಗಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ.