ಚೆಂಡು ಕೊಟ್ಟವನ ಲೆಕ್ಕ

ನಾನು ಓದಿದ ಶಾಲೆಯ ಬಯಲಿನಲ್ಲಿ ಎರಡು ಕಂಬ, ಎರಡು ಕಬ್ಬಿಣದ ಬಳೆ. ನಮ್ಮ ಬ್ಯಾಸ್ಕೆಟ್‌ಬಾಲ್ ಅಂಕಣವೆಂದರೆ ಇಷ್ಟೇ. ಪಂದ್ಯ ಮುಗಿದ ಮೇಲೆ, ಯಾರು ಎಷ್ಟು ಸಲ ಚೆಂಡನ್ನು ಬಳೆಗೆ ಹಾಕಿದರೆಂಬುದನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಕುಳ್ಳನಾದ ನಾನು ಚೆಂಡು ಹಾಕಿದ್ದು ಅಪರೂಪ. ಎತ್ತರದ ಗೆಳೆಯರ ಕೈಗೆ ಅದನ್ನು ಒದಗಿಸುವುದೇ ನನ್ನ ಪಾಲಿನ ಕೆಲಸ. ಹೀಗಾಗಿ ಹಲಗೆಯ ಮೇಲೆ ನನ್ನ ಹೆಸರು ಬರುತ್ತಿರಲಿಲ್ಲ. ಕೊಟ್ಟವನ ಲೆಕ್ಕವನ್ನೂ ಬರೆದಿಡುವ ಪದ್ಧತಿ ಅಮೆರಿಕದ ವೃತ್ತಿಪರ ಆಟದಲ್ಲಿ ಉಂಟೆಂದೂ, ಅದಕ್ಕೆ ಅಲ್ಲಿ ‘ಅಸಿಸ್ಟ್’ ಎನ್ನುತ್ತಾರೆಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಅದರೊಡನೆಯೇ ಆಸ್ಕರ್ ರಾಬರ್ಟ್‌ಸನ್ ಎಂಬ ಹೆಸರೂ ಕಿವಿಗೆ ಬಿತ್ತು. ಅವರ ಬಾಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಸ್ಕರ್ ಹುಟ್ಟಿದ್ದು 1938ರ ನವೆಂಬರಿನಲ್ಲಿ, ಟೆನ್ನೆಸ್ಸೀ ರಾಜ್ಯದ ಹಳ್ಳಿಗಾಡಿನಲ್ಲಿ. ಆತ ಇನ್ನೂ ಮಗುವಾಗಿದ್ದಾಗಲೇ ಕುಟುಂಬ ಇಂಡಿಯಾನಾಪೊಲಿಸ್ ನಗರಕ್ಕೆ ಬಂದು, ಕಪ್ಪುಜನರ ಬಡಕೇರಿಯಲ್ಲಿ ನೆಲೆಸಿತು. ಚೆಂಡು ಕೊಳ್ಳುವ ಶಕ್ತಿ ಇರಲಿಲ್ಲ. ಹುಡುಗ ಟೆನಿಸ್ ಚೆಂಡುಗಳನ್ನೂ, ರಬ್ಬರ್ ಪಟ್ಟಿ ಬಿಗಿದ ಚಿಂದಿ ಬಟ್ಟೆಯ ಉಂಡೆಗಳನ್ನೂ ಮನೆಯ ಹಿಂದಿನ ಹಣ್ಣಿನ ಬುಟ್ಟಿಯೊಂದಕ್ಕೆ ಎಸೆದೆಸೆದು ಗುರಿ ಕಲಿತ. ಮುಂದೆ ಸೇರಿದ್ದು ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆ. ಕಪ್ಪು ಮಕ್ಕಳನ್ನು ಬಿಳಿಯರ ಮಕ್ಕಳಿಂದ ಬೇರೆಯಾಗಿಡುವುದಕ್ಕೆಂದೇ 1927ರಲ್ಲಿ ತೆರೆದ ಶಾಲೆ ಅದು. 1955ರಲ್ಲಿ ಆ ಶಾಲೆಯ ತಂಡ ಇಂಡಿಯಾನಾ ರಾಜ್ಯದ ಪ್ರಶಸ್ತಿಯನ್ನು ಗೆದ್ದಿತು. ಆ ನಗರದ ಯಾವ ಶಾಲೆಗೂ ಅಲ್ಲಿಯವರೆಗೆ ಆ ಪ್ರಶಸ್ತಿ ದಕ್ಕಿರಲಿಲ್ಲ.

ಗೆದ್ದವರನ್ನು ಊರ ನಡುವಣ ಸ್ಮಾರಕದ ವೃತ್ತಕ್ಕೆ ಮೆರವಣಿಗೆಯಲ್ಲಿ ಕರೆತಂದು ಸಂಭ್ರಮಿಸುವುದು ಅಲ್ಲಿಯ ವಾಡಿಕೆ. ಅಟಕ್ಸ್ ಶಾಲೆಯ ಹುಡುಗರೂ ಅಗ್ನಿಶಾಮಕ ವಾಹನವನ್ನೇರಿ ಬಂದರು. ಆದರೆ ವಾಹನ ವೃತ್ತವನ್ನು ಒಂದು ಸುತ್ತು ಹಾಕಿ, ಅಲ್ಲಿ ನಿಲ್ಲದೆ, ನೇರವಾಗಿ ಕಪ್ಪುಜನರ ಕೇರಿಯ ಉದ್ಯಾನವೊಂದಕ್ಕೆ ಹೋಯಿತು. ‘ಸಂಭ್ರಮವೇನಿದ್ದರೂ ನಿಮ್ಮ ಕೇರಿಯಲ್ಲಿ’ ಎಂದು ಊರಿನ ಹಿರಿಯರು ನಿರ್ಧರಿಸಿದ್ದರು. ಊರಿಗೆ ಮೊದಲ ಕೀರ್ತಿಯನ್ನು ತಂದವರಿಗೆ ಊರಿನ ಅಂಗಳದಲ್ಲಿ ನಿಲ್ಲಲು ಎಡೆಯಿರಲಿಲ್ಲ. ಹದಿನಾರರ ಆಸ್ಕರ್ ಉತ್ಸವವನ್ನು ಅಲ್ಲಿಯೇ ಬಿಟ್ಟು ಮನೆಗೆ ನಡೆದ. ಮರುವರ್ಷ ಅದೇ ತಂಡ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮತ್ತೆ ಪ್ರಶಸ್ತಿಯನ್ನು ತಂದಿತು. ಆದರೂ ಆ ನೋವು ಆರಲಿಲ್ಲವೆಂಬುದಕ್ಕೆ, ಮುಪ್ಪಿನಲ್ಲಿಯೂ ರಾಬರ್ಟ್‌ಸನ್ನರು ಅದನ್ನು ಮತ್ತೆ ಮತ್ತೆ ನೆನೆದಿರುವುದೇ ಸಾಕ್ಷಿ.

ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವಾಗಲೂ ಈ ಗೆರೆ ಅಳಿಸಲಿಲ್ಲ. ಟೆಕ್ಸಾಸಿನ ಹ್ಯೂಸ್ಟನ್ ನಗರಕ್ಕೆ ಹೋದಾಗ ಸಂಗಡಿಗರೆಲ್ಲರೂ ತಂಗಿದ ಹೋಟೆಲಿನಲ್ಲಿ ಅವರಿಗೊಬ್ಬರಿಗೆ ಕೋಣೆ ಸಿಗದೆ, ಕಪ್ಪುಜನರ ಕಾಲೇಜೊಂದರ ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಕಳೆಯಬೇಕಾಯಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅದೇ ದೇಶದ ಪರವಾಗಿ ಚಿನ್ನದ ಪದಕವನ್ನು ಗೆದ್ದರು. ಅದೇ ವರ್ಷ ಸಿನ್ಸಿನಾಟಿ ರಾಯಲ್ಸ್ ತಂಡದಲ್ಲಿ ವೃತ್ತಿಜೀವನ ಮೊದಲಾಯಿತು.

1961-62ರ ಋತುವಿನಲ್ಲಿ ಅವರ ಸರಾಸರಿ, ಪಂದ್ಯವೊಂದಕ್ಕೆ 30.8 ಅಂಕ, ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದು 12.5, ಇತರರಿಗೆ ಅಂಕ ಒದಗಿಸಿದ ಅಸಿಸ್ಟ್ 11.4. ಈ ಮೂರೂ ಎರಡಂಕಿಯನ್ನು ಮುಟ್ಟುವುದನ್ನು ಈಗ ‘ಟ್ರಿಪಲ್ ಡಬಲ್’ ಎಂದು ಕೊಂಡಾಡುತ್ತಾರೆ. ಆಗ ಅದಕ್ಕೊಂದು ಹೆಸರು ಕೂಡ ಇರಲಿಲ್ಲ. ಋತುವಿಡೀ ಅಂಥ ಸರಾಸರಿಯನ್ನು ಕಾಯ್ದುಕೊಂಡ ಇನ್ನೊಬ್ಬ ಆಟಗಾರ, ರಸೆಲ್ ವೆಸ್ಟ್‌ಬ್ರೂಕ್, ಬರುವುದಕ್ಕೆ 2017ರವರೆಗೆ ಕಾಯಬೇಕಾಯಿತು. ನನ್ನ ಮನಸ್ಸು ನಿಲ್ಲುವುದು ಮೂರನೆಯ ಅಂಕಿಯ ಮೇಲೆ. ತಾನೇ ಮೂವತ್ತು ಅಂಕ ಗಳಿಸಬಲ್ಲವನು ಚೆಂಡನ್ನು ಇನ್ನೊಬ್ಬನ ಕೈಗೆ ಕೊಡಬೇಕಾದ ಅಗತ್ಯವೇನು? ನನ್ನಂಥ ಕುಳ್ಳನಿಗೆ ಅದು ಅನಿವಾರ್ಯ. ಅವರಿಗೆ ಅದು ಆಯ್ಕೆ.

ಆ ಆಯ್ಕೆ ಅಂಕಣದ ಹೊರಗೂ ನಡೆಯಿತು. ಆ ಕಾಲದ ಕಟ್ಟಳೆ ಹೀಗಿತ್ತು: ಒಂದು ತಂಡ ಒಬ್ಬ ಆಟಗಾರನನ್ನು ಆರಿಸಿಕೊಂಡಿತೆಂದರೆ, ಒಪ್ಪಂದದ ಅವಧಿ ಮುಗಿದರೂ ಆತ ಆ ತಂಡದ ಸೊತ್ತು. ತಂಡ ಅವನನ್ನು ಮಾರಬಹುದು, ಕೈಬಿಡಬಹುದು. ಅವನು ಮಾತ್ರ ತಾನಾಗಿ ಬೇರೆ ತಂಡದ ಬಾಗಿಲು ತಟ್ಟುವಂತಿರಲಿಲ್ಲ. ನಿವೃತ್ತಿವೇತನದ ಭರವಸೆಯೂ ಇರಲಿಲ್ಲ. 1964ರ ಜನವರಿಯಲ್ಲಿ ಬೋಸ್ಟನ್ನಿನಲ್ಲಿ ಹೆಸರಾಂತ ಆಟಗಾರರೆಲ್ಲ ಸೇರಿದ ಪಂದ್ಯ. ದೂರದರ್ಶನದ ಕ್ಯಾಮೆರಾಗಳು ಕಾದಿವೆ. ನಿವೃತ್ತಿವೇತನದ ಮಾತು ಇತ್ಯರ್ಥವಾಗುವ ತನಕ ಕೋಣೆಯಿಂದ ಹೊರಬರುವುದಿಲ್ಲವೆಂದು ಆಟಗಾರರು ಕುಳಿತರು. ವಚನ ಪಡೆದೇ ಎದ್ದರು. ಆ ರಾತ್ರಿ ಶ್ರೇಷ್ಠ ಆಟಗಾರನೆಂದು ಗೌರವ ಪಡೆದವರು ರಾಬರ್ಟ್‌ಸನ್. ಮರುವರ್ಷ ಅವರೇ ಆಟಗಾರರ ಸಂಘದ ಅಧ್ಯಕ್ಷರಾದರು.

ಆಗ ಆಟಗಾರರಿಗಾಗಿ ಪರಸ್ಪರ ಪೈಪೋಟಿ ನಡೆಸುತ್ತಿದ್ದ ಎರಡು ಲೀಗುಗಳಿದ್ದವು. 1970ರಲ್ಲಿ ಅವು ಒಂದಾಗಲು ಹೊರಟವು. ಪೈಪೋಟಿ ಅಳಿದರೆ ಸಂಬಳವೂ ಸ್ವಾತಂತ್ರ್ಯವೂ ಅಳಿದಂತೆಯೇ. ಆ ಏಪ್ರಿಲಿನಲ್ಲಿ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ದಾವೆಗೆ ಮೊದಲ ಹೆಸರು ರಾಬರ್ಟ್‌ಸನ್ನರದು. ಅನ್ನವಿಡುವ ಒಡೆಯರ ಮೇಲೆಯೇ ದಾವೆ ಹೂಡಿ, ಮುಂದೆ ನಾಲ್ಕು ವರ್ಷ ಅವರ ಅಂಕಣದಲ್ಲಿಯೇ ಆಡಬೇಕಾದ ಸ್ಥಿತಿ ಎಂಥದ್ದೆಂಬುದನ್ನು ಕೇಳುಗರು ಊಹಿಸಿಕೊಳ್ಳಬಹುದು. ಅದೇ ವರ್ಷ ಅವರು ಮಿಲ್ವಾಕಿ ಬಕ್ಸ್ ತಂಡಕ್ಕೆ ಹೋದರು. ಅಲ್ಲಿ ತರುಣ ದೈತ್ಯ ಲೂ ಆಲ್ಸಿಂಡರ್, ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು, ಜೊತೆಗಾರರಾಗಿ ಸಿಕ್ಕರು. 1971ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು. ವೃತ್ತಿಜೀವನದಲ್ಲಿ ರಾಬರ್ಟ್‌ಸನ್ನರಿಗೆ ದಕ್ಕಿದ್ದು ಆ ಒಂದೇ ಪ್ರಶಸ್ತಿ.

1974ರಲ್ಲಿ ಅವರು ನಿವೃತ್ತರಾದರು. ಹೆಸರಿನ ಮುಂದೆ 26,710 ಅಂಕ, 9,887 ಅಸಿಸ್ಟ್. ಅಸಿಸ್ಟಿನಲ್ಲಿ ಅಂದಿಗೆ ಅವರನ್ನು ಮೀರಿದವರಿರಲಿಲ್ಲ. ದಾವೆ ರಾಜಿಯಾದದ್ದು 1976ರಲ್ಲಿ. ಆಟಗಾರನನ್ನು ಬದುಕಿಡೀ ಒಂದೇ ತಂಡಕ್ಕೆ ಕಟ್ಟಿಹಾಕುವ ಕಟ್ಟಳೆ ಸಡಿಲವಾಯಿತು. 1988ರ ಹೊತ್ತಿಗೆ ನಿರ್ಬಂಧವಿಲ್ಲದ ಬಿಡುಗಡೆಯ ಹಕ್ಕೂ ಬಂದಿತು. ಇಂದಿನ ಆಟಗಾರರು ಎಣಿಸುವ ಕೋಟಿಗಳಿಗೆ ದಾರಿ ತೆರೆದ ಆ ರಾಜಿಯ ಫಲ, ಹೋರಾಡಿದ ರಾಬರ್ಟ್‌ಸನ್ನರ ಪಾಲಿಗೆ ಬರಲಿಲ್ಲ. ಅವರು ಆಗಲೇ ಅಂಕಣವನ್ನು ಬಿಟ್ಟಾಗಿತ್ತು.

ಕೊಡುವುದು ಅಷ್ಟಕ್ಕೇ ಮುಗಿಯಲಿಲ್ಲ. 1997ರಲ್ಲಿ ಮಗಳ ಮೂತ್ರಪಿಂಡಗಳು ಸೋತಾಗ, ಐವತ್ತೆಂಟರ ತಂದೆ ತನ್ನದೊಂದನ್ನು ಕೊಟ್ಟರು. ಮಗನೋ ಮಗಳೋ ಎಂದಾಗ ಯಾವ ತಂದೆಯಾದರೂ ಮಾಡುವ ಕೆಲಸವಿದು ಎನ್ನಬಹುದು, ನಿಜ. ಆದರೆ ಆ ಬಳಿಕ ಅವರು, ಅಂಗದಾನದ ಬಗ್ಗೆ ಪರಿಚಯವಿಲ್ಲದ ಜನರಿಗೂ ತಿಳಿಯಹೇಳುವ ಕೆಲಸಕ್ಕೆ ತೊಡಗಿದರು.

ನಮ್ಮ ಶಾಲೆಯ ಕರಿಹಲಗೆ ಈಗ ಎಲ್ಲಿದೆಯೋ. ಅದರಲ್ಲಿ ಹೆಸರು ಬರಲಿಲ್ಲವೆಂದು ಬಹಳ ಕಾಲ ನನಗೊಂದು ಕೊರಗಿತ್ತು. ರಾಬರ್ಟ್‌ಸನ್ನರ ಬಾಳನ್ನು ಅರಿತ ಮೇಲೆ ಆ ಕೊರಗು ಹಗುರವಾಗಿದೆ. ಚೆಂಡು ಬಳೆಯೊಳಗೆ ಬಿದ್ದ ಗಳಿಗೆಯಲ್ಲಿ ಎಲ್ಲರ ಕಣ್ಣೂ ಹಾಕಿದವನ ಮೇಲಿರುತ್ತದೆ. ಅಷ್ಟರಲ್ಲಿ ಕೊಟ್ಟವನು ತನ್ನ ತುದಿಯನ್ನು ಕಾಯಲು ಹಿಂದಕ್ಕೆ ಓಡುತ್ತಿರುತ್ತಾನೆ.