ಬಲವಿಜ್ಞಾನದ ಮೊದಲ ಮೆಟ್ಟಿಲು
(ಉಪನ್ಯಾಸದ ಪಾಠ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬೀ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿರುವುದು ಸರ್ವರಿಗೂ ವಿದಿತವೇ ಸರಿ. ಈ ಸೀಮೆಯ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಪದವಿಪೂರ್ವ ವಿಜ್ಞಾನ ವಿಭಾಗವನ್ನು ಸೇರಿದೊಡನೆ ಬಲವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಅಲ್ಲಿ ಎಡವಿದವರು ಗಣಿತವೇ ತಮಗೆ ಒಲಿಯದೆಂದು ಬಗೆದು ಆ ಮಾರ್ಗವನ್ನೇ ತೊರೆಯುವುದುಂಟು. ಅವರು ಎಡವಿದ ಸ್ಥಳವನ್ನು ಪರೀಕ್ಷಿಸಿ ನೋಡಿದರೆ, ಕೂಡುವ ಗುಣಿಸುವ ಕೆಲಸದಲ್ಲಿ ದೋಷವು ಅಪರೂಪ. ಬಲ, ವೇಗ ಎಂಬ ಎರಡು ಪದಗಳ ಅರ್ಥದಲ್ಲಿಯೇ ತೊಡಕು.

ಲೋಕವ್ಯವಹಾರದಲ್ಲಿ ಬಲವು ಒಬ್ಬನಲ್ಲಿರುವ ಸೊತ್ತು. ಎತ್ತಿಗೆ ಬಲವಿದೆ, ಜಟ್ಟಿಗೆ ಬಲವಿದೆ ಎಂದು ಜನರು ಹೇಳುವರಷ್ಟೆ. ಶಾಸ್ತ್ರದಲ್ಲಿಯಾದರೋ ಬಲವು ಯಾರಲ್ಲಿಯೂ ಕೂಡಿಟ್ಟಿರುವುದಿಲ್ಲ. ಒಂದು ವಸ್ತುವು ಮತ್ತೊಂದನ್ನು ಎಳೆಯುವಾಗ ಅಥವಾ ತಳ್ಳುವಾಗ ಅವೆರಡರ ನಡುವೆ ಉಂಟಾಗುವುದು. ಆದಕಾರಣ ಲೆಕ್ಕವನ್ನು ಹಿಡಿಯುವ ಮುನ್ನ ಒಂದೇ ವಸ್ತುವನ್ನು ಆರಿಸಿಕೊಂಡು, ಅದನ್ನು ಯಾವುದು ಎಳೆಯುತ್ತಿದೆ, ಯಾವುದು ತಳ್ಳುತ್ತಿದೆ ಎಂದು ಕೇಳತಕ್ಕದ್ದು. ಸೂತ್ರಗಳು ಆಮೇಲೆ.

ಈ ಬಯಲುಸೀಮೆಯ ಹಿರಿಯರಿಗೆ ಕಪಿಲೆಯ ಬಾವಿಯು ಹೊಸದಲ್ಲ. ಕೊಳವೆಬಾವಿಗಳು ಬಂದ ಮೇಲೆ ಅದು ಮರೆಯಾಯಿತು. ಬಾವಿಯ ದಡದಿಂದ ಹೊರಕ್ಕೆ ಇಳಿಯುವ ಓರೆದಾರಿ, ದಡದ ಮೇಲೆ ರಾಟೆ, ರಾಟೆಯ ಮೇಲಿಂದ ಬಾವಿಗಿಳಿದ ಮಿಣಿ, ಅದರ ತುದಿಯಲ್ಲಿ ತೊಗಲಿನ ಚೀಲ. ಎತ್ತುಗಳು ಓರೆಯಲ್ಲಿ ಕೆಳಕ್ಕೆ ನಡೆದಂತೆ ನೀರು ಮೇಲಕ್ಕೆ ಬರುತ್ತಿತ್ತು. ಹೊಡೆಯುವವನು ಮಿಣಿಯ ಮೇಲೆಯೇ ಕುಳಿತು ತನ್ನ ಭಾರವನ್ನೂ ಕೂಡಿಸುತ್ತಿದ್ದುದುಂಟು.

ಚೀಲವೂ ನೀರೂ ಸೇರಿ 150 ಕಿಲೋಗ್ರಾಂ ಇರಲಿ. ಅದು ಏರುಪೇರಿಲ್ಲದೆ ಒಂದೇ ವೇಗದಿಂದ ಮೇಲೇರುತ್ತಿರಲಿ. ಮಿಣಿಯ ಎಳೆತವೆಷ್ಟು? 150ಕ್ಕಿಂತ ಹೆಚ್ಚಿರಲೇಬೇಕು, ಇಲ್ಲವಾದರೆ ಚೀಲವು ಏರುವುದೆಂತು ಎಂದು ವಿದ್ಯಾರ್ಥಿಯು ಉತ್ತರಿಸುವನು. ನಿಜವಾಗಿ ಅದು 150 ಕಿಲೋಗ್ರಾಂ ತೂಕದಷ್ಟೇ. ನಿಂತ ಚೀಲವು ಕದಲುವ ಮೊದಲ ಕ್ಷಣಗಳಲ್ಲಿ ಹೆಚ್ಚಿನ ಎಳೆತ ಬೇಕು. ವೇಗವು ನೆಲೆಗೊಂಡ ಮೇಲೆ ಎಳೆತವೂ ಭಾರವೂ ಸಮವಾಗುವುವು. ಬಲವು ಬೇಕಾಗುವುದು ವೇಗವನ್ನು ಬದಲಿಸುವುದಕ್ಕೆ. ಈ ಒಂದು ಮಾತು ಮನಸ್ಸಿಗೆ ಹತ್ತಿದವನಿಗೆ ಮುಂದಿನ ಅರ್ಧ ಪುಸ್ತಕವು ಸುಗಮ.

ಇನ್ನು ಎತ್ತುಗಳ ವಿಚಾರ. ಜೋಡಿಯ ತೂಕ 600 ಕಿಲೋಗ್ರಾಂ. ಓರೆಯು ಐದು ಅಡಿ ನಡೆದರೆ ಒಂದು ಅಡಿ ಇಳಿಯುವಂಥದು. ರಾಟೆಯ ಘರ್ಷಣೆಯನ್ನೂ ಹೊಡೆಯುವವನ ಭಾರವನ್ನೂ ಬಿಟ್ಟುಬಿಡುವುದು. ಆಗ ಅವುಗಳ ಭಾರದ ಐದನೆಯ ಒಂದು ಪಾಲು, ಎಂದರೆ 120ರಷ್ಟು, ಅವನ್ನು ಓರೆಯ ಗುಂಟ ಕೆಳಕ್ಕೆ ಸೆಳೆಯುತ್ತದೆ. ಮಿಣಿಯು 150ರಷ್ಟು ಹಿಂದಕ್ಕೆ ಎಳೆಯುತ್ತದೆ. ಉಳಿದ 30ನ್ನು ಮಾತ್ರ ಎತ್ತುಗಳು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತಿ, ನೆಲದಿಂದ ಮರಳಿ ಪಡೆಯಬೇಕು. ಸಮನೆಲದಲ್ಲಾದರೆ 150ನ್ನೂ ಗೊರಸೇ ಪಡೆಯಬೇಕಾಗಿತ್ತು. ಬರಿಚೀಲವನ್ನು ಇಳಿಬಿಟ್ಟು ಓರೆಯನ್ನು ಮತ್ತೆ ಏರುವಾಗ ಆ ಸಾಲವು ತೀರುವುದೆಂಬುದು ಬೇರೆ ಮಾತು. ಓರೆಯನ್ನು ಕಟ್ಟಿದ ಒಕ್ಕಲಿಗನು ತ್ರಿಕೋಣಮಿತಿಯ ಕೋಷ್ಟಕವನ್ನು ಕಂಡವನಲ್ಲ!

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಅನ್ನಂಭಟ್ಟನು ಗುರುತ್ವವನ್ನು ವಸ್ತುವಿನ ಮೊದಲ ಬೀಳುವಿಕೆಗೆ ಕಾರಣವೆಂದು ಲಕ್ಷಣೀಕರಿಸಿ, ಎರಡನೆಯ ಕ್ಷಣದಿಂದಾಚೆಗೆ ವೇಗವೆಂಬ ಸಂಸ್ಕಾರವೇ ಕಾರಣವೆಂದಿರುವನು. ಪ್ರತಿಯೊಂದು ಕ್ಷಣದ ಚಲನೆಗೂ ಒಂದು ಕಾರಣವನ್ನು ಹುಡುಕಿದ ಆ ಬುದ್ಧಿಯು ಬಹು ಸೂಕ್ಷ್ಮವಾದುದು. 1687ರಲ್ಲಿ ನ್ಯೂಟನ್ನನ ಗ್ರಂಥವು ಪ್ರಕಟವಾದ ಮೇಲೆ ನೆಲೆಗೊಂಡ ಮತವು ಬೇರೆ: ಗುರುತ್ವವು ಎಲ್ಲ ಕ್ಷಣಗಳಲ್ಲಿಯೂ ಕಾರ್ಯಮಾಡುವುದು, ವೇಗವು ಇದ್ದಂತೆಯೇ ಇರುವುದಕ್ಕೆ ಕಾರಣವು ಬೇಡ, ಬದಲಾಗುವುದಕ್ಕೆ ಬೇಕು. ಎಸೆದ ಕಲ್ಲು ಕೈಯ ಬಲವನ್ನು ತನ್ನೊಳಗೆ ಹೊತ್ತೊಯ್ಯುವುದೆಂದು ಈಗಿನ ಹುಡುಗನು ಹೇಳಿದರೆ, ಅವನು ಪ್ರಾಚೀನ ತಾರ್ಕಿಕರ ಸಮೀಪದಲ್ಲಿ ನಿಂತಿರುವನು. ಅವನನ್ನು ದಡ್ಡನೆನ್ನುವುದು ಅನ್ಯಾಯ. ಅವನಿಗೆ ಉತ್ತರವನ್ನು ಕೊಡಬೇಕು.

ಉತ್ತರವು ಇದು. ಕಲ್ಲನ್ನು ಸೆಕೆಂಡಿಗೆ 19.6 ಮೀಟರಿನ ವೇಗದಿಂದ ನೇರ ಮೇಲಕ್ಕೆ ಎಸೆದರೆ, ಎರಡು ಸೆಕೆಂಡಿನಲ್ಲಿ 19.6 ಮೀಟರು ಏರಿ, ತುದಿಯಲ್ಲಿ ಅದರ ವೇಗವು ಶೂನ್ಯವಾಗುವುದು. ಅಲ್ಲಿ ಬಲವೂ ಶೂನ್ಯವೆ? ಹಾಗಿದ್ದರೆ ಕಲ್ಲು ಆಕಾಶದಲ್ಲಿಯೇ ನಿಂತುಬಿಡಬೇಕಾಗಿತ್ತು. ಏರುವಾಗಲೂ ತುದಿಯಲ್ಲಿಯೂ ಇಳಿಯುವಾಗಲೂ ಭೂಮಿಯ ಸೆಳೆತವು ಒಂದೇ ಸಮನಾಗಿದೆ.

ಪಠ್ಯದ ಕ್ರಮವೂ ಮಕ್ಕಳಿಗೆ ನೆರವಾಗಿಲ್ಲವೆಂಬುದನ್ನು ಹೇಳಲೇಬೇಕು. ಭೌತಶಾಸ್ತ್ರದ ಪಾಠವು ಮೊದಲ ವರ್ಷದ ಆರಂಭದಲ್ಲಿಯೇ ಅವಕಲನವನ್ನೂ ಸದಿಶಗಳನ್ನೂ ಬಳಸುವುದು. ಗಣಿತದ ಪಾಠವು ಅವಕಲನಕ್ಕೆ ಬರುವುದು ವರ್ಷದ ಕೊನೆಯ ಭಾಗದಲ್ಲಿ, ಸದಿಶಗಳಿಗೆ ಬರುವುದು ಎರಡನೆಯ ವರ್ಷದಲ್ಲಿ. ಇಬ್ಬರು ಉಪಾಧ್ಯಾಯರೂ ಒಂದು ವಾರ ಮೊದಲೇ ಕೂಡಿ ಕುಳಿತರೆ ಈ ಅಂತರವು ಬಹುಮಟ್ಟಿಗೆ ನೀಗುವುದು.

ಘರ್ಷಣೆಗೆ ಮಧುಗಿರಿಯ ಏಕಶಿಲಾ ಬೆಟ್ಟವೇ ಉದಾಹರಣೆ. ಬಂಡೆಯ ಓರೆಯಲ್ಲಿ ನಿಂತವನ ಭಾರದ ಒಂದು ಪಾಲು ಅವನನ್ನು ಕೆಳಕ್ಕೆ ಸೆಳೆಯುವುದು. ಇನ್ನೊಂದು ಪಾಲು ಬಂಡೆಯನ್ನು ಒತ್ತುವುದು. ಒತ್ತಿದಷ್ಟಕ್ಕೆ ತಕ್ಕಂತೆ ಪಾದದ ಹಿಡಿತ. ಭಾರವುಳ್ಳವನಿಗೆ ಸೆಳೆತವೂ ಹೆಚ್ಚು, ಹಿಡಿತವೂ ಅಷ್ಟೇ ಹೆಚ್ಚು. ಆದುದರಿಂದ ಒಂದೇ ಬಗೆಯ ಪಾದರಕ್ಷೆಯನ್ನು ಮೆಟ್ಟಿದ ತಂದೆಯೂ ಮಗುವೂ ಹೆಚ್ಚುಕಡಮೆ ಒಂದೇ ಓರೆಯಲ್ಲಿ ಜಾರುವರು. ಮಳೆಯಿಂದ ಬಂಡೆಯು ನೆನೆದರೆ ಹಿಡಿತದ ಮಿತಿಯು ತಗ್ಗಿ, ಬೆಳಗ್ಗೆ ನಿಂತ ಜಾಗದಲ್ಲಿಯೇ ಸಂಜೆ ಕಾಲು ನಿಲ್ಲದು. ಅಲ್ಲಿ ಕಡಿದಿರುವ ಮೆಟ್ಟಿಲುಗಳು ಪಾದದ ಕೆಳಗಿನ ಓರೆಯನ್ನೇ ತೆಗೆದುಹಾಕುವುವು.